ಶಾಲೆಯ ಸಭೆಗೆ ನಾವೂ ಹೋಗೋಣ

"ನಾವು ಓದಿದವರಲ್ಲ, ಶಾಲೆಗೆ ಹೋಗಿ ಏನ್ ಮಾಡೋದು?" ಸ್ವಸಹಾಯ ಸಂಘದ ಸಭೆಗಳಲ್ಲಿ ಈ ಮಾತು ಆಗಾಗ ಕೇಳುತ್ತೇವೆ. ಕಾನೂನು ನಮ್ಮ ಓದನ್ನು ಕೇಳುವುದಿಲ್ಲ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2001ರಿಂದ ಎಸ್.ಡಿ.ಎಂ.ಸಿ. ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದು, ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಇವರ ಕೆಲಸ. ಆದರೆ ಕೆಲವು ಕಡೆ ನಡಾವಳಿ ಪುಸ್ತಕವೇ ಮನೆಗೆ ಬರುತ್ತದೆ, ತಾಯಂದಿರು ಸಹಿ ಹಾಕಿ ಕಳಿಸ್ತಾರೆ! ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ.

ಸಮಿತಿಯಲ್ಲಿ ಇಲ್ಲದವರೂ ಸುಮ್ಮನಿರಬೇಕಾಗಿಲ್ಲ. ಬಿಸಿಯೂಟದ ಹೊತ್ತಿಗೆ ಹೋಗಿ ಒಂದು ತುತ್ತು ರುಚಿ ನೋಡಬಹುದು. ಮಳೆಗಾಲಕ್ಕೆ ಮುಂಚೆ ಹಂಚು ಸರಿಮಾಡಲು ಕೆಲಸ ಬಲ್ಲವರು ಒಂದು ದಿನ ಕೊಡಬಹುದು.

ಎಲ್ಲಕ್ಕಿಂತ ದೊಡ್ಡ ಸಹಾಯ ಬೇರೆಯೇ ಇದೆ. ವಾರಗಟ್ಟಲೆ ಶಾಲೆಗೆ ಬಾರದ ಮಗುವಿನ ಮನೆಗೆ ಟೀಚರ್ ಹೋದರೆ ಹೆದರಿ ಬಾಗಿಲು ಹಾಕಿಕೊಳ್ಳುವವರು, ಪಕ್ಕದ ಮನೆಯ ಅಕ್ಕ ಹೋದರೆ ಬಾಯಿಬಿಡ್ತಾರೆ. ಪುಟ್ಟ ತಂಗಿಯನ್ನು ನೋಡಿಕೊಳ್ಳಲು ಮಗುವನ್ನು ಮನೆಯಲ್ಲಿ ಬಿಟ್ಟಿದ್ದರೆ, ಆ ತಂಗಿಯನ್ನು ಅಂಗನವಾಡಿಗೆ ಸೇರಿಸಲು ಜೊತೆಗೆ ಹೋಗಿ. ಕೂಲಿಗೆ ಕಳಿಸಿದ್ದಾರೆಂದು ತಿಳಿದರೆ ಮೊದಲು ತಂದೆತಾಯಿಯೊಡನೆ ಮಾತಾಡಿ, ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.