ಮಾದರಿ ದೋಣಿಯ ವೇಗನಿಯಂತ್ರಕ



1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಿಕೋಲಾ ಟೆಸ್ಲಾರವರು ತಂತಿಯ ಸಂಬಂಧವಿಲ್ಲದೆಯೇ ಚಿಕ್ಕ ದೋಣಿಯೊಂದನ್ನು ನೀರಿನ ಮೇಲೆ ನಡೆಯಿಸಿ ತೋರಿಸಿದರು. ಅಂತಹ ದೋಣಿಯನ್ನು ಇಂದು ಶಾಲೆಯ ಮಕ್ಕಳೂ ಮಾಡಬಲ್ಲರು. ಕಳೆದ ವರ್ಷ ನಮ್ಮ ಮಕ್ಕಳೂ ಮಾಡಿದರು. ಆದರೆ ಕೆರೆಯ ಹಾವಸೆಯು ಪ್ರೊಪೆಲ್ಲರಿಗೆ ಸುತ್ತಿಕೊಂಡು ಮೋಟಾರು ನಿಂತಿತು. ಸ್ವಲ್ಪ ಹೊತ್ತಿನಲ್ಲಿಯೇ ದೋಣಿಯೊಳಗಿಂದ ಹೊಗೆಯೆದ್ದಿತು. ತಪ್ಪು ಮಕ್ಕಳದಲ್ಲ, ಮೊದಲೇ ಲೆಕ್ಕ ಮಾಡಿಸದ ನನ್ನದು. ಆ ಲೆಕ್ಕವನ್ನೇ ಇಲ್ಲಿ ವಿವರಿಸುತ್ತೇನೆ.

ಬ್ಯಾಟರಿಗೂ ಮೋಟಾರಿಗೂ ನಡುವೆ ಒಂದು ರೋಧಕವನ್ನಿಟ್ಟರೂ ವೇಗವು ಕಡಮೆಯಾಗುವುದು. ಆದರೆ ಶಕ್ತಿಯ ಒಂದು ಪಾಲು ಶಾಖವಾಗಿ ವ್ಯರ್ಥವಾಗುವುದು. ಎಲೆಕ್ಟ್ರಾನಿಕ್ ವೇಗನಿಯಂತ್ರಕವಾದರೋ ಅತಿವೇಗದ ಒಂದು ಸ್ವಿಚ್ಚು. ಅದು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಪ್ರವಾಹವನ್ನು ಹರಿಯಬಿಟ್ಟು ತಡೆಯುತ್ತದೆ. ಅರ್ಧ ಕಾಲ ಮಾತ್ರ ಹರಿಯಬಿಟ್ಟರೆ ಮೋಟಾರಿಗೆ ಸರಾಸರಿ ಅರ್ಧ ವೋಲ್ಟೇಜು ದೊರೆಯುವುದು. ರಿಸೀವರಿನ ಸಂಕೇತವು ಸಾಮಾನ್ಯವಾಗಿ 1.5 ಮಿಲಿಸೆಕೆಂಡಿನದಾದರೆ ನಿಲುಗಡೆ, 2 ಆದರೆ ಪೂರ್ಣ ಮುನ್ನಡೆ, 1 ಆದರೆ ಪೂರ್ಣ ಹಿನ್ನಡೆ. ದೋಣಿಗೆ ಬ್ರೇಕಿಲ್ಲವಷ್ಟೆ! ಆದುದರಿಂದ ಹಿನ್ನಡೆಯುಳ್ಳ ನಿಯಂತ್ರಕವನ್ನೇ ಆರಿಸತಕ್ಕದ್ದು.

ಆರಿಸುವಾಗ ಮೂರು ಸಂಗತಿಗಳನ್ನು ನೋಡಬೇಕು. ಮೊದಲನೆಯದು ಮೋಟಾರಿನ ಬಗೆ: ಎರಡು ತಂತಿಯ ಬ್ರಷ್ ಮೋಟಾರಿನ ನಿಯಂತ್ರಕವು ಮೂರು ತಂತಿಯ ಬ್ರಷ್‌ರಹಿತ ಮೋಟಾರಿಗೆ ಸಲ್ಲದು. ಎರಡನೆಯದು ಬ್ಯಾಟರಿಯ ವೋಲ್ಟೇಜು. ಮೂರನೆಯದು ಪ್ರವಾಹ. ನಮ್ಮದು ಬ್ರಷ್ ಮೋಟಾರು, ರೋಧ 0.8 ಓಮ್, ಬ್ಯಾಟರಿ 6 ವೋಲ್ಟ್. ಓಮನ ನಿಯಮದಂತೆ 6ನ್ನು 0.8ರಿಂದ ಭಾಗಿಸಿದರೆ 7.5 ಆಂಪಿಯರ್. ತಿರುಗುತ್ತಿರುವ ಮೋಟಾರು ತಾನೇ ಎದುರು ವೋಲ್ಟೇಜನ್ನು ಉಂಟುಮಾಡುವುದರಿಂದ ಅದಕ್ಕೆ 2 ಆಂಪಿಯರ್ ಸಾಕಾಗುತ್ತಿತ್ತು. ತಿರುಗುವುದು ನಿಂತೊಡನೆ ಆ ಎದುರೂ ಇಲ್ಲವಾಗಿ, ಪ್ರವಾಹವು 7.5ರತ್ತ ಏರಿತು. ನಾವು ಕೊಂಡಿದ್ದ ನಿಯಂತ್ರಕವೋ 5 ಆಂಪಿಯರಿನದು! ಈಗ 15 ಆಂಪಿಯರಿನದನ್ನು ಇಟ್ಟಿದ್ದೇವೆ.

ಇನ್ನು ಜೋಡಣೆ. ಕೆಂಪು ತಂತಿಯು ಬ್ಯಾಟರಿಯ ಧನಧ್ರುವಕ್ಕೆ, ಕಪ್ಪು ತಂತಿಯು ಋಣಧ್ರುವಕ್ಕೆ. ಅದಲುಬದಲಾದರೆ ನಿಯಂತ್ರಕವು ಸುಟ್ಟುಹೋಗಬಹುದು. ಧನಧ್ರುವದ ತಂತಿಯಲ್ಲಿ, ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸನ್ನು ಇಡತಕ್ಕದ್ದು. ನಮ್ಮ ದೋಣಿಗೆ 5 ಆಂಪಿಯರಿನದು. ಅನೇಕ ನಿಯಂತ್ರಕಗಳು ರಿಸೀವರಿಗೂ ಸುಮಾರು 5 ವೋಲ್ಟನ್ನು ಒದಗಿಸುತ್ತವೆ. ರಿಸೀವರಿಗೆ ಬೇರೆ ಬ್ಯಾಟರಿಯಿದ್ದರೆ, ನಿಯಂತ್ರಕದಿಂದ ರಿಸೀವರಿಗೆ ಹೋಗುವ ಕೆಂಪು ತಂತಿಯನ್ನು ಬಿಡಿಸಿ, ತುದಿಗೆ ಟೇಪು ಸುತ್ತಬೇಕು. ಬ್ರಷ್ಷಿನ ಕಿಡಿಗಳು ರೇಡಿಯೋ ಸಂಕೇತವನ್ನು ಕೆಡಿಸದಂತೆ ಮೋಟಾರಿನ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಬೆಸೆಯಬೇಕು. ಮೊದಲು ಕೈಯಲ್ಲಿರುವ ಟ್ರಾನ್ಸ್‌ಮಿಟರು, ಅನಂತರ ದೋಣಿ: ಇದೇ ಚಾಲೂ ಮಾಡುವ ಕ್ರಮ. ಬೆರಳುಗಳು ಪ್ರೊಪೆಲ್ಲರಿನಿಂದ ದೂರವಿರಲಿ.

ತಂದೆ-ತಾಯಂದಿರಲ್ಲಿ ಒಂದು ವಿನಂತಿ. ಲಿಥಿಯಂ ಬ್ಯಾಟರಿಯನ್ನು ಅದಕ್ಕೆಂದೇ ಮಾಡಿದ ಚಾರ್ಜರಿನಿಂದ, ಹಿರಿಯರು ಹತ್ತಿರವಿರುವಾಗ ಮಾತ್ರ ಚಾರ್ಜು ಮಾಡಿಸಿರಿ.

ಈ ವರ್ಷವೂ ಹಾವಸೆ ಸುತ್ತಿತು, ದೋಣಿ ನಿಂತಿತು. ಹೊಗೆ ಏಳಲಿಲ್ಲ, ಫ್ಯೂಸ್ ಮಾತ್ರ ಹೋಯಿತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಹಾವಸೆಯನ್ನು ಬಿಡಿಸಿ, ಹೊಸ ಫ್ಯೂಸನ್ನು ಹಾಕಿ, ದೋಣಿಯನ್ನು ಮತ್ತೆ ನೀರಿಗಿಳಿಸಿದಳು. ಓಮನ ನಿಯಮವು ಪರೀಕ್ಷೆಗೆ ಮಾತ್ರವಲ್ಲವೆಂಬುದು ಅಂದು ಎಲ್ಲರಿಗೂ ಮನವರಿಕೆಯಾಯಿತು.