ಚೌಕಾಬಾರವೂ ಕೋಡಿಂಗ್ ಸಂದರ್ಶನವೂ

ಕಂಪ್ಯೂಟರ್ ಆಟಗಳನ್ನು ರಚಿಸುವ ಉದ್ಯೋಗಕ್ಕೆ ನಡೆಯುವ ಕೋಡಿಂಗ್ ಸಂದರ್ಶನವು ನಮ್ಮ ವಿಶ್ವವಿದ್ಯಾನಿಲಯದ ಪರೀಕ್ಷೆಗಳಂತಹುದಲ್ಲ. ಅಲ್ಲಿ ಅಚ್ಚಾದ ಪ್ರಶ್ನಪತ್ರಿಕೆಯಿಲ್ಲ, ಮೂರು ಗಂಟೆಗಳ ಕಾಲಾವಕಾಶವೂ ಇಲ್ಲ. ಪರೀಕ್ಷಕನೂ ಅಭ್ಯರ್ಥಿಯೂ ಎದುರುಬದುರು ಕುಳಿತು ಸುಮಾರು ಒಂದು ಗಂಟೆಯ ಕಾಲ ಒಂದೇ ಸಮಸ್ಯೆಯನ್ನು ಬಿಡಿಸುತ್ತಾರೆ. ಬೆಂಗಳೂರಿನಲ್ಲಿ ಅಂತಹ ಪರೀಕ್ಷಕನ ಕುರ್ಚಿಯಲ್ಲಿ ಕುಳಿತುಕೊಳ್ಳುವ ಹೊಣೆ ನನಗೆ ಹಲವು ಸಲ ಬಂದಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಕಡೆಯ ಹುಡುಗ ಹುಡುಗಿಯರೂ ಎದುರಿನ ಕುರ್ಚಿಗೆ ಬರುತ್ತಿರುವ ಈ ದಿನಗಳಲ್ಲಿ, ಮೇಜಿನ ಈಚೆ ಕಡೆ ಏನು ನಡೆಯುತ್ತದೆಂಬುದನ್ನು ನಮ್ಮ ಕಾಲೇಜಿನ ಸಂಚಿಕೆಯಲ್ಲಿ ಬರೆದಿಡುವುದು ಉಪಯುಕ್ತವೆಂದು ತೋರಿತು.

ಈ ಉದ್ಯಮವು ನಾಡಿಗೆ ತೀರ ಹೊಸದೇನಲ್ಲ. ಬೆಂಗಳೂರಿನಲ್ಲಿ ಧ್ರುವ ಇಂಟರ್‍ಯಾಕ್ಟಿವ್ ಎಂಬ ಸಂಸ್ಥೆಯು 1997ರಲ್ಲಿಯೇ ಪ್ರಾರಂಭವಾಯಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕಂಪನಿಯವರು ಕೊಂಡರು. ಆದರೆ ಆಟಗಳ ವಿಚಾರಕ್ಕೆ ಮೈಸೂರು ಸೀಮೆ ಇದಕ್ಕಿಂತ ಬಹಳ ಹಿಂದಿನದು. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಒಂದು ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ, ಒಂದೊಂದು ಮನೆಗೂ ಒಂದೇ ಸಲ ಹೋಗುವಂತೆ ನಡೆಸುವ ಸಮಸ್ಯೆಯು ಅವರಿಗೆ ಅತ್ಯಂತ ಪ್ರಿಯವಾಗಿದ್ದಿತು. ಇದೇ ಸಮಸ್ಯೆಯನ್ನು ಇಂದು ಲೋಕದ ಎಲ್ಲೆಡೆಯೂ ಕೋಡ್ ಬರೆಯುವ ವಿದ್ಯಾರ್ಥಿಗಳಿಗೆ ಕೊಡುತ್ತಾರೆ. ಹಾಗೆ ಕೊಟ್ಟು ಕೊಟ್ಟು ಅದು ಬಾಯಿಪಾಠವಾಗಿಬಿಟ್ಟಿದೆಯೆಂಬುದೇ ಅದರ ದೋಷ. ವಾರ್ನ್ಸ್‌ಡಾರ್ಫ್ ಎಂಬಾತನು 1823ರಲ್ಲಿ ಹೇಳಿದ ಉಪಾಯವನ್ನು (ಮುಂದಕ್ಕೆ ಹೋಗಲು ಎಲ್ಲಿ ದಾರಿ ಕಡಮೆಯೋ ಆ ಮನೆಗೆ ಮೊದಲು ಹೋಗು ಎಂಬುದನ್ನು) ಅಭ್ಯರ್ಥಿಯು ಗಿಳಿಯಂತೆ ಒಪ್ಪಿಸಿದರೆ, ಅವನ ನೆನಪಿನ ಶಕ್ತಿಯ ಹೊರತು ಪರೀಕ್ಷಕನಿಗೆ ಮತ್ತೇನೂ ತಿಳಿಯುವುದಿಲ್ಲ.

ಆದಕಾರಣ ನಾನು ಚೌಕಾಬಾರವನ್ನು ಹಿಡಿದೆನು. ಮನೆಯ ಜಗಲಿಯ ಮೇಲೆ ಸೀಮೆಸುಣ್ಣದಿಂದ ಐದು ಐದಲ ಇಪ್ಪತ್ತೈದು ಮನೆಗಳನ್ನು ಬರೆದು, ನಾಲ್ಕು ಕವಡೆ ಹಾಕಿ ಆಡುವ ಆಟವನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ತಿಳಿಯದವರಿಗೆ ಎರಡು ನಿಮಿಷಗಳಲ್ಲಿ ಹೇಳಬಹುದು. ಪ್ರಶ್ನೆಯ ಮೊದಲ ಭಾಗ ಇಷ್ಟೇ: “ಕವಡೆ ಹಾಕುವ ಕೋಡ್ ಬರೆಯಿರಿ.” ಎಷ್ಟು ಕವಡೆಗಳು ಬಾಯಿ ಮೇಲಾಗಿ ಬೀಳುತ್ತವೆಯೋ ಅಷ್ಟು ಗರ, ನಾಲ್ಕೂ ಮೇಲಾದರೆ ಚೌಕ, ಎಂದರೆ ನಾಲ್ಕು, ನಾಲ್ಕೂ ಕವುಚಿದರೆ ಬಾರ, ಎಂದರೆ ಎಂಟು.

ಅವಸರದ ಅಭ್ಯರ್ಥಿಯು ಒಂದು, ಎರಡು, ಮೂರು, ನಾಲ್ಕು, ಎಂಟು ಎಂಬ ಐದು ಅಂಕಿಗಳನ್ನು ಸಾಲಾಗಿ ಬರೆದು, ಅದರಲ್ಲಿ ಒಂದನ್ನು ಕಣ್ಣು ಮುಚ್ಚಿ ಆರಿಸುವಂತೆ ಯಂತ್ರಕ್ಕೆ ಹೇಳುತ್ತಾನೆ. ಕೋಡ್ ಓಡುತ್ತದೆ, ತಪ್ಪೇನೂ ಕಾಣುವುದಿಲ್ಲ. ಆದರೆ ಆಟ ಕೆಟ್ಟುಹೋಗುತ್ತದೆ. ನಾಲ್ಕು ಕವಡೆಗಳು ಒಟ್ಟು ಹದಿನಾರು ವಿಧವಾಗಿ ಬೀಳಬಲ್ಲವು. ಅವುಗಳಲ್ಲಿ ಒಂದು ಬೀಳುವುದು ನಾಲ್ಕು ವಿಧ, ಎರಡು ಬೀಳುವುದು ಆರು ವಿಧ, ಮೂರು ಬೀಳುವುದು ನಾಲ್ಕು ವಿಧ. ಚೌಕ ಒಂದೇ ವಿಧ, ಬಾರವೂ ಒಂದೇ ವಿಧ. ಕವಡೆಯ ಎರಡು ಮಗ್ಗುಲೂ ಸಮವಾಗಿ ಬೀಳುವುದೆಂದು ಇಟ್ಟುಕೊಂಡರೆ, 80 ಸಲ ಹಾಕಿದಾಗ ಚೌಕ ಬಾರಗಳೆರಡೂ ಸೇರಿ ಸುಮಾರು 10 ಸಲ ಬರಬೇಕು. ಅವಸರದವನ ಕೋಡಿನಲ್ಲಿ ಸುಮಾರು 32 ಸಲ ಬರುತ್ತವೆ. ಚೌಕ ಬಾರಗಳಿಗೆ ಮತ್ತೊಂದು ಸಲ ಹಾಕುವ ಹಕ್ಕುಂಟಷ್ಟೆ. ಎದುರಾಳಿಯು ಸುಮ್ಮನೆ ನೋಡುತ್ತ ಕುಳಿತಿರಬೇಕಾಗುತ್ತದೆ. ಬಾರ ಬಿದ್ದಾಗ ಮನೆಯವರೆಲ್ಲ ಕೂಗಿಕೊಳ್ಳುವುದು ಅದು ಅಪರೂಪವಾದ್ದರಿಂದಲೇ ಅಲ್ಲವೆ?

ನಿಧಾನಸ್ಥ ಅಭ್ಯರ್ಥಿಯು ಒಂದೊಂದು ಕವಡೆಯನ್ನೂ ಬೇರೆ ಬೇರೆಯಾಗಿ ಹಾಕಿಸಿ, ಮೇಲಾದವನ್ನು ಎಣಿಸಿ, ಸೊನ್ನೆ ಬಂದರೆ ಎಂಟೆಂದು ಬರೆಯುತ್ತಾನೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವವರುಂಟು. ಹೆಣ್ಣುಮಗಳೊಬ್ಬಳು ಬರೆಯುವುದಕ್ಕೆ ಮೊದಲೇ, “ಸಾರ್, ಕವಡೆ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಎರಡು ಕಡೇನೂ ಸಮವಾಗಿ ಬೀಳುತ್ತೆ ಅಂತ ಹೇಗೆ ಹೇಳೋದು?” ಎಂದು ಕೇಳಿದಳು. ಆಕೆ ಆ ಅಂಶವನ್ನು ಬೇಕಾದಾಗ ಬದಲಾಯಿಸಬಹುದಾದ ಒಂದು ಸಂಖ್ಯೆಯಾಗಿ ಇರಿಸಿ, ಹದಿನಾರು ಸಾವಿರ ಸಲ ಹಾಕಿಸಿ ಎಣಿಸಿ ತೋರಿಸುವೆನೆಂದಳು. ಪರೀಕ್ಷಕನಿಗೆ ಬೇಕಾದುದು ಈ ಬಗೆಯ ಸಂಶಯ. ಅದು ತರಬೇತಿ ಶಾಲೆಯ ಟಿಪ್ಪಣಿಗಳಲ್ಲಿ ಸಿಕ್ಕುವುದಿಲ್ಲ. ಕವಡೆಯನ್ನು ಕೈಯಲ್ಲಿ ಹಿಡಿದವರಿಗೆ ಸಿಕ್ಕುತ್ತದೆ.

ಎರಡನೆಯ ಭಾಗಕ್ಕೆ ಅಳಗುಳಿ ಮಣೆ. ಹದಿನಾಲ್ಕು ಗುಳಿಗಳು, ಗುಳಿಗೆ ಐದರಂತೆ ಎಪ್ಪತ್ತು ಹುಣಸೆಬೀಜಗಳು. ಒಂದು ಗುಳಿಯ ಬೀಜಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುವುದು. ಕೈ ಬರಿದಾದ ಮೇಲೆ ಅದರ ಮುಂದಿನ ಗುಳಿಯಿಂದೆತ್ತಿ ಮುಂದುವರಿಸುವುದು. ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯದನ್ನು ಗೆದ್ದುಕೊಂಡು ಆಟ ಬಿಡುವುದು. ನಾನು ಬೇಕೆಂದೇ ಇಷ್ಟನ್ನು ಹೇಳಿ ನಿಲ್ಲಿಸುತ್ತೇನೆ. ಈ ಆಟದ ನಿಯಮಗಳು ಮನೆಯಿಂದ ಮನೆಗೆ ಬೇರೆಯಾಗುತ್ತವೆ. ಸುತ್ತು ತಿರುಗಿ ಮೊದಲೆತ್ತಿದ ಗುಳಿಗೇ ಬಂದಾಗ ಅಲ್ಲಿಯೂ ಬೀಜ ಹಾಕಬೇಕೋ ದಾಟಬೇಕೋ? ಗುಳಿಯಲ್ಲಿ ನಾಲ್ಕು ಕೂಡಿದರೆ ಅವು ಆ ಗುಳಿಯ ಒಡೆಯನಿಗೆ ಸೇರುವುವೋ? “ನಮ್ಮನೇಲಿ ಹೀಗೆ ಆಡ್ತೀವಿ ಸಾರ್, ನಿಮ್ಮಲ್ಲಿ ಹೇಗೆ?” ಎಂದು ಕೇಳಿದವರಿಗೆ ನನ್ನ ಕಾಗದದಲ್ಲಿ ಅಂಕ ಬಿದ್ದಾಯಿತು. ಆಟ ರಚಿಸುವ ಕಚೇರಿಯಲ್ಲಿ ಪೂರ್ಣವಾದ ನಿಯಮವನ್ನು ಬರೆದು ಯಾರೂ ಕೈಗೆ ಕೊಡುವುದಿಲ್ಲ. ಕೇಳಿ ತಿಳಿದುಕೊಳ್ಳದೆ ಬರೆದ ಕೋಡನ್ನು ಹತ್ತು ದಿನಗಳ ಮೇಲೆ ಹರಿದುಹಾಕಬೇಕಾಗುತ್ತದೆ.

ಕೋಡ್ ಮುಗಿದ ಮೇಲೆ, “ಇದು ಸರಿಯೆಂದು ಹೇಗೆ ಗೊತ್ತು?” ಎಂಬ ಪ್ರಶ್ನೆ. ಉತ್ತರವು ಸರಳವಾಗಿದೆ. ಗುಳಿಗಳಲ್ಲಿರುವ ಬೀಜಗಳೂ, ಕೈಯಲ್ಲಿರುವವೂ, ಗೆದ್ದವೂ ಕೂಡಿ ಯಾವ ಗಳಿಗೆಯಲ್ಲಿ ಎಣಿಸಿದರೂ ಎಪ್ಪತ್ತೇ ಆಗಬೇಕು. ಅರವತ್ತೊಂಬತ್ತಾದರೆ ಒಂದು ಬೀಜ ಎಲ್ಲಿಯೋ ಬಿದ್ದುಹೋಗಿದೆ. ಪದವಿಗಳ ಪಟ್ಟಿ ಹಿಡಿದು ಬಂದ ಕೆಲವರಿಗೂ ಇದು ಹೊಳೆಯುವುದಿಲ್ಲ.

ಕೊನೆಗೆ ಚಲಿಸುವ ಚಿತ್ರಗಳ ಒಂದು ಸಣ್ಣ ಪ್ರಶ್ನೆ. ಓಡುವ ಗೊಂಬೆಯನ್ನು ಪ್ರತಿ ಚಿತ್ರಕ್ಕೂ ಐದೈದು ಚುಕ್ಕೆ ಮುಂದೆ ಸರಿಸಿದರೆ, ಸೆಕೆಂಡಿಗೆ 60 ಚಿತ್ರ ತೋರುವ ಯಂತ್ರದಲ್ಲಿ ಅದು 300 ಚುಕ್ಕೆ ಓಡುತ್ತದೆ; 30 ಚಿತ್ರ ತೋರುವ ಅಗ್ಗದ ಫೋನಿನಲ್ಲಿ 150 ಮಾತ್ರ. ಬಡವನ ಗೊಂಬೆ ಪಂದ್ಯದಲ್ಲಿ ಸೋಲುವುದು ಹೀಗೆ. ವೇಗವನ್ನು ಕಳೆದ ಕಾಲದಿಂದ ಗುಣಿಸಿ ಸರಿಸಬೇಕೆಂಬುದು ಪರಿಹಾರ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದರೂ ಸರಿ, ಸಿ ಶಾರ್ಪ್‌ನಲ್ಲಿ ಬರೆದರೂ ಸರಿ. ಅಲ್ಪವಿರಾಮ ಬಿಟ್ಟುಹೋದುದಕ್ಕೆ ನಾನು ಅಂಕ ಕಳೆಯುವುದಿಲ್ಲ, ಅದನ್ನು ಯಂತ್ರವೇ ತಿಳಿಸುತ್ತದೆ.

ನಮ್ಮ ತಾಲ್ಲೂಕುಗಳಿಂದ ಬಂದವರು ಸೋಲುವುದು ಹೆಚ್ಚಾಗಿ ಕೋಡಿನಲ್ಲಲ್ಲ, ಮೌನದಲ್ಲಿ. ಇಂಗ್ಲಿಷ್ ಮಾತಿಗೆ ಅಂಜಿ ಬಾಯಿ ಮುಚ್ಚಿಕೊಂಡು ಬರೆಯುತ್ತಾರೆ. ಅವರ ಆಲೋಚನೆ ಪರೀಕ್ಷಕನಿಗೆ ಕಾಣುವುದಿಲ್ಲ. ಕಾಣದುದಕ್ಕೆ ಅಂಕ ಕೊಡುವಂತಿಲ್ಲ. “ಕನ್ನಡದಲ್ಲೇ ಹೇಳಿಕೊಂಡು ಬರೆಯಿರಿ” ಎಂದು ಪ್ರಾರಂಭದಲ್ಲಿಯೇ ಹೇಳುವುದು ಪರೀಕ್ಷಕನ ಕರ್ತವ್ಯವೆಂದೇ ನನ್ನ ಅಭಿಪ್ರಾಯ. ಕನ್ನಡ ಬಾರದ ಪರೀಕ್ಷಕನಿದ್ದರೆ ತೊಡಕು ನಿಜ. ಆಗ ಚಿತ್ರ ಬರೆದು, ಬಾಣದ ಗುರುತು ಹಾಕಿ ತೋರಿಸಬಹುದು. ಐದು ನಿಮಿಷ ಸಿಕ್ಕಿಹಾಕಿಕೊಂಡವರಿಗೆ ಒಂದು ಸೂಚನೆ ಕೊಡುತ್ತೇನೆ. ಅದೇ ಸೂಚನೆ, ಅದೇ ಪ್ರಶ್ನೆ ಎಲ್ಲರಿಗೂ. ಯಾವುದಕ್ಕೆ ಎಷ್ಟು ಅಂಕವೆಂದು ಹಿಂದಿನ ದಿನವೇ ಬರೆದಿಟ್ಟಿರುತ್ತೇನೆ. ಇಲ್ಲದಿದ್ದರೆ ಚೆನ್ನಾಗಿ ನಕ್ಕವನಿಗೂ ನಮ್ಮೂರ ಕಡೆಯವನಿಗೂ ಅಂಕ ತಾನಾಗಿ ಏರುತ್ತದೆ. ಜೊತೆಯ ಪರೀಕ್ಷಕರೊಡನೆ ಮಾತನಾಡುವ ಮೊದಲೇ ನನ್ನ ತೀರ್ಪನ್ನು ಕಾಗದಕ್ಕಿಳಿಸುತ್ತೇನೆ.

ಕೊನೆಯ ಹತ್ತು ನಿಮಿಷ ಅಭ್ಯರ್ಥಿಯದು. ಅವನು ಕೇಳಬೇಕು, ನಾನು ಹೇಳಬೇಕು. ಸಂಬಳ, ಕೆಲಸದ ವೇಳೆ, ಆಟ ಬಿಡುಗಡೆಯಾಗುವ ತಿಂಗಳಲ್ಲಿ ರಾತ್ರಿಯೆಲ್ಲ ದುಡಿಸುವ ಪದ್ಧತಿಯುಂಟೋ ಇಲ್ಲವೋ ಎಂಬುದನ್ನೆಲ್ಲ ಸಂಕೋಚವಿಲ್ಲದೆ ಕೇಳಬಹುದು. ಈ ಕೊನೆಯ ಪ್ರಶ್ನೆಯನ್ನಂತೂ ಕೇಳಲೇಬೇಕು. ಆಟದ ಉದ್ಯಮದಲ್ಲಿ ಆ ಪದ್ಧತಿ ಲೋಕದ ಹಲವೆಡೆ ಉಂಟು. ಹೀಗೆ ಕೇಳಿದುದಕ್ಕಾಗಿ ನನ್ನ ಕಾಗದದಲ್ಲಿ ಯಾರ ಅಂಕವೂ ಇಳಿದುದಿಲ್ಲ.