ಒಂದು ವಾರ ಕೇಳಿದ ಹುಡುಗಿ

ಮಕ್ಕಳೇ, ಪ್ರೀತಿಯ ಮಾತು ಬಂದರೆ ನಿಮ್ಮ ಬಾಯಿಗೆ ಮೊದಲು ಬರುವ ಹೆಸರು ರೋಮಿಯೊ-ಜೂಲಿಯೆಟ್. ಆ ಹೆಸರು ಗೊತ್ತಿಲ್ಲದವರಿಲ್ಲ, ಆದರೆ ನಾಟಕವನ್ನು ಪೂರ್ತಿ ಓದಿದವರು ಕಡಿಮೆ. ಬಹಳ ವರ್ಷ ತರಗತಿಯಲ್ಲಿ ಅದನ್ನು ಪಾಠ ಹೇಳಿದವಳು ನಾನು. ‘ಪ್ರೀತಿಗಾಗಿ ಪ್ರಾಣ ಕೊಟ್ಟರು’ ಎಂದು ಯಾರಾದರೂ ಮೆಚ್ಚಿ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಷೇಕ್ಸ್‌ಪಿಯರ್ ಆ ಮಕ್ಕಳ ಸಾವನ್ನು ಮೆಚ್ಚಿ ಬರೆದಿಲ್ಲ. ಅವರು ಬದುಕಿ ಉಳಿಯಬಹುದಾಗಿದ್ದ ಒಂದೊಂದು ಗಳಿಗೆಯನ್ನೂ ನಮ್ಮ ಕಣ್ಣ ಮುಂದೆ ಇಟ್ಟು, ಅದು ಹೇಗೆ ಕೈತಪ್ಪಿತು ಎಂದು ತೋರಿಸುತ್ತಾನೆ. ನಾನು ಹೇಳಹೊರಟಿರುವುದು ಆ ಗಳಿಗೆಗಳ ಬಗ್ಗೆ.

ಇಟಲಿಯ ವೆರೋನಾ ನಗರ. ಜುಲೈ ತಿಂಗಳ ಸುಡುಬಿಸಿಲು. ಮಾಂಟೆಗ್ಯೂ ಮನೆಗೂ ಕ್ಯಾಪ್ಯುಲೆಟ್ ಮನೆಗೂ ಹಳೆಯ ಹಗೆ. ಯಾವ ಕಾರಣಕ್ಕೆ? ಇಡೀ ನಾಟಕದಲ್ಲಿ ಒಬ್ಬರೂ ಹೇಳುವುದಿಲ್ಲ. ಬೀದಿಯಲ್ಲಿ ಮೊದಲ ಜಗಳ ತೆಗೆಯುವವರು ಯಜಮಾನರೂ ಅಲ್ಲ, ಅವರ ಆಳುಗಳು. ಒಬ್ಬ ಹೆಬ್ಬೆರಳು ಕಚ್ಚಿ ಅಣಕಿಸುತ್ತಾನೆ, ಇನ್ನೊಬ್ಬ ಅದು ನನ್ನನ್ನು ನೋಡಿಯೇ ಕಚ್ಚಿದ್ದಾ ಎಂದು ಕೇಳುತ್ತಾನೆ, ಕತ್ತಿಗಳು ಹೊರಬರುತ್ತವೆ. ಕಾಲು ಗಂಟೆಯೊಳಗೆ ಎರಡೂ ಮನೆಯ ಮುದುಕರು ಕತ್ತಿ ತಾ ಎಂದು ಕೂಗುತ್ತಿರುತ್ತಾರೆ. ಹೆಂಡತಿಯರು ಅವರನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ. ಹುಟ್ಟಿದಾಗ ಹೆಸರಿನ ಜೊತೆಗೇ ಅಂಟಿಕೊಂಡು ಬಂದ ಹಗೆ ಅದು. ಅದರಲ್ಲಿ ರೋಮಿಯೊನ ತಪ್ಪಾಗಲಿ ಜೂಲಿಯೆಟ್‌ಳ ತಪ್ಪಾಗಲಿ ಇಲ್ಲ. ನಿಮ್ಮ ಮನೆಯ ಹಿಂದಿನ ತಲೆಮಾರಿನ ಜಗಳವನ್ನು ನೀವೂ ಹೊತ್ತುಕೊಳ್ಳಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ.

ಈ ಕಥೆ ಷೇಕ್ಸ್‌ಪಿಯರ್ ಕಟ್ಟಿದ್ದಲ್ಲ. ಇಟಲಿಯ ಲೂಯಿಜಿ ದಾ ಪೋರ್ತೊ, ಬಾಂದೆಲ್ಲೊ ಮುಂತಾದವರು ಬರೆದಿದ್ದ ಕಥೆಯನ್ನು 1562ರಲ್ಲಿ ಆರ್ಥರ್ ಬ್ರೂಕ್ ಇಂಗ್ಲಿಷ್ ಕಾವ್ಯ ಮಾಡಿದ್ದ. ಸುಮಾರು 1595ರಲ್ಲಿ ಷೇಕ್ಸ್‌ಪಿಯರ್ ಅದನ್ನು ಎತ್ತಿಕೊಂಡು ಎರಡು ಮುಖ್ಯ ಬದಲಾವಣೆ ಮಾಡಿದ. ಬ್ರೂಕ್‌ನ ಕಾವ್ಯದಲ್ಲಿ ಹುಡುಗಿಗೆ ಹದಿನಾರರ ಹತ್ತಿರ, ಇಲ್ಲಿ ಹದಿನಾಲ್ಕು ತುಂಬಲು ಇನ್ನೂ ಎರಡು ವಾರ ಬಾಕಿ. ಅಲ್ಲಿ ಕಥೆ ತಿಂಗಳುಗಟ್ಟಲೆ ನಡೆಯುತ್ತದೆ, ಇಲ್ಲಿ ನಾಲ್ಕೈದು ದಿನದಲ್ಲಿ ಎಲ್ಲ ಮುಗಿದುಹೋಗುತ್ತದೆ. ವಯಸ್ಸನ್ನೂ ಕಾಲವನ್ನೂ ಹೀಗೆ ಇಳಿಸಿದ್ದರಲ್ಲೇ ನಾಟಕದ ಜೀವ ಇದೆ ಎಂದು ನನಗನ್ನಿಸುತ್ತದೆ.

ದಿನದ ಲೆಕ್ಕ ಹಾಕಿ ನೋಡಿ. ಭಾನುವಾರ ಬೆಳಿಗ್ಗೆ ರೋಮಿಯೊ ರೋಸಲೈನ್ ಎಂಬ ಬೇರೊಬ್ಬ ಹುಡುಗಿಗಾಗಿ ಕಣ್ಣೀರು ಹಾಕುತ್ತಿರುತ್ತಾನೆ. ರಾತ್ರಿ ಕ್ಯಾಪ್ಯುಲೆಟ್ ಮನೆಯ ಔತಣದಲ್ಲಿ ಜೂಲಿಯೆಟ್‌ಳನ್ನು ನೋಡುತ್ತಾನೆ. ಅದೇ ರಾತ್ರಿ ಅವಳ ಕಿಟಕಿಯ ಕೆಳಗೆ ಆಣೆ ಭಾಷೆ. ಸೋಮವಾರ ಮಧ್ಯಾಹ್ನ ಲಾರೆನ್ಸ್ ಪಾದ್ರಿಯ ಕೋಣೆಯಲ್ಲಿ ಗುಟ್ಟಿನ ಮದುವೆ. ಮದುವೆಯಾದ ಒಂದು ಗಂಟೆಯಲ್ಲಿ ಎರಡು ಕೊಲೆ. ಆ ಹುಡುಗನ ಪ್ರೀತಿ ಸುಳ್ಳೆಂದು ನಾನು ಹೇಳುವುದಿಲ್ಲ. ಅವನ ಮಾತು ಕೇಳಿದವರು ಯಾರೂ ಹಾಗೆ ಹೇಳಲಾರರು. ಆದರೆ ಕಿಟಕಿಯ ಬಳಿ ನಿಂತ ಜೂಲಿಯೆಟ್‌ಳಿಗೇ ಇದು ತೀರಾ ದಿಢೀರನೆ ಆಗುತ್ತಿದೆ ಎಂದು ಅಂಜಿಕೆಯಾಗುತ್ತದೆ, ಅದನ್ನು ಬಾಯಿಬಿಟ್ಟು ಹೇಳುತ್ತಾಳೆ ಕೂಡ. ಅವಳಿಗೆ ಒಳಗಿನಿಂದ ಬಂದ ಆ ಎಚ್ಚರಿಕೆ ಸರಿಯಾಗಿತ್ತು. ನಿಮಗೂ ಯಾವತ್ತಾದರೂ ಹಾಗೆ ಅನ್ನಿಸಿದರೆ ಅದನ್ನು ಬದಿಗೆ ತಳ್ಳಬೇಡಿ. ಕಾಯಲು ಒಪ್ಪುವ ಪ್ರೀತಿ ಕಾಯುವುದರಿಂದ ಸವೆಯುವುದಿಲ್ಲ. ಈಗಲೇ, ಇವತ್ತೇ, ಇಲ್ಲದಿದ್ದರೆ ನನ್ನ ಮೇಲೆ ಪ್ರೀತಿಯೇ ಇಲ್ಲ ಎಂದು ಯಾರಾದರೂ ಒತ್ತಾಯಿಸಿದರೆ ಅಲ್ಲಿ ಎಚ್ಚರವಾಗಿರಿ.

ಇನ್ನು ಗುಟ್ಟಿನ ಮಾತು. ಮದುವೆ ಮುಗಿಸಿ ಬರುತ್ತಿದ್ದ ರೋಮಿಯೊನನ್ನು ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟ್ ಬೀದಿಯಲ್ಲಿ ತಡೆದು ಕೆಣಕುತ್ತಾನೆ. ರೋಮಿಯೊ ಕತ್ತಿಗೆ ಕೈ ಹಾಕುವುದಿಲ್ಲ. ಈಗ ಟಿಬಾಲ್ಟ್ ಅವನಿಗೆ ನೆಂಟ. ನಿನ್ನ ಮೇಲೆ ನನಗೆ ಪ್ರೀತಿ ಇದೆ, ಕಾರಣ ಆಮೇಲೆ ತಿಳಿಯುತ್ತದೆ ಎಂದಷ್ಟೇ ಹೇಳಬಲ್ಲ. ಕಾರಣ ಹೇಳುವಂತಿಲ್ಲ. ಪಕ್ಕದಲ್ಲೇ ನಿಂತ ಗೆಳೆಯ ಮರ್ಕ್ಯೂಶಿಯೊಗೂ ಗೊತ್ತಿಲ್ಲ. ಗೆಳೆಯ ಹೇಡಿಯಾದ ಎಂದು ಅವನ ರಕ್ತ ಕುದಿಯುತ್ತದೆ, ತಾನೇ ಕತ್ತಿ ಎಳೆಯುತ್ತಾನೆ. ಬಿಡಿಸಲು ನಡುವೆ ನುಗ್ಗಿದ ರೋಮಿಯೊನ ತೋಳಿನ ಕೆಳಗಿನಿಂದ ಟಿಬಾಲ್ಟ್‌ನ ಕತ್ತಿ ಮರ್ಕ್ಯೂಶಿಯೊಗೆ ನಾಟುತ್ತದೆ. ಗೆಳೆಯ ಸತ್ತ ಸಿಟ್ಟಿನಲ್ಲಿ ರೋಮಿಯೊ ಟಿಬಾಲ್ಟ್‌ನನ್ನು ಕೊಲ್ಲುತ್ತಾನೆ, ಗಡೀಪಾರಾಗುತ್ತಾನೆ. ಒಂದು ಮಾತು, ‘ನಾನೀಗ ನಿಮ್ಮ ಮನೆಯ ಅಳಿಯ’ ಎಂಬ ಒಂದೇ ಮಾತು ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಹೇಳಿದ್ದರೆ ಯಾರು ಕೇಳುತ್ತಿದ್ದರು ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಆದರೆ ನಾಟಕವನ್ನು ನಿಧಾನವಾಗಿ ಓದಿದರೆ ಅಲ್ಲಲ್ಲಿ ಬಾಗಿಲು ಅರ್ಧ ತೆರೆದಿರುವುದು ಕಾಣುತ್ತದೆ. ಮೊದಲ ದೃಶ್ಯದಲ್ಲೇ ರೋಮಿಯೊನ ಅಪ್ಪ ಮಾಂಟೆಗ್ಯೂ, ಮಗನ ದುಃಖಕ್ಕೆ ಕಾರಣ ತಿಳಿದರೆ ಪರಿಹಾರ ಮಾಡಲು ತಾವು ಸಿದ್ಧ ಎಂದು ತನ್ನ ಸಂಬಂಧಿ ಬೆನ್ವೋಲಿಯೊ ಹತ್ತಿರ ಹೇಳಿಕೊಳ್ಳುತ್ತಾನೆ. ಮಗನನ್ನು ಕೇಳಿ ಸೋತಿದ್ದಾನೆ, ಈಗ ಮಗ ಬರುವಷ್ಟರಲ್ಲಿ ಕೇಳುವ ಕೆಲಸವನ್ನು ಬೆನ್ವೋಲಿಯೊಗೆ ಬಿಟ್ಟು ಅಲ್ಲಿಂದ ಹೊರಟುಬಿಡುತ್ತಾನೆ. ನಮ್ಮಲ್ಲೂ ಎಷ್ಟು ಅಪ್ಪಂದಿರು ಹೀಗೇ! ಅತ್ತ ಔತಣದ ರಾತ್ರಿ ರೋಮಿಯೊನ ಗುರುತು ಹಿಡಿದ ಟಿಬಾಲ್ಟ್ ಹೊಡೆಯಲು ಹೊರಟಾಗ ತಡೆದವನು ಕ್ಯಾಪ್ಯುಲೆಟ್. ಊರೇ ಆ ಹುಡುಗನನ್ನು ಒಳ್ಳೆಯವನೆನ್ನುತ್ತದೆ, ನನ್ನ ಮನೆಯಲ್ಲಿ ಅವನಿಗೆ ಅವಮಾನವಾಗಕೂಡದು ಎಂದು ಗದರುತ್ತಾನೆ. ತನ್ನ ಮಾವನಾಗಬೇಕಾದವನು ತನ್ನ ಬಗ್ಗೆ ಒಳ್ಳೆಯ ಮಾತಾಡಿದ್ದು ರೋಮಿಯೊಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಆ ಬಾಗಿಲುಗಳನ್ನು ತಳ್ಳಿದ್ದರೆ ತೆರೆಯುತ್ತಿದ್ದವೆಂದು ನಾನು ಆಣೆ ಮಾಡಿ ಹೇಳಲಾರೆ. ತಳ್ಳಿ ನೋಡಿದವರಿಲ್ಲ ಎಂಬುದಂತೂ ನಿಜ.

ಕ್ಯಾಪ್ಯುಲೆಟ್‌ನ ವಿಷಯ ಇನ್ನೂ ಇದೆ. ಭಾನುವಾರ ಪ್ಯಾರಿಸ್ ಎಂಬ ಸಿರಿವಂತ ತರುಣ ಹೆಣ್ಣು ಕೇಳಲು ಬಂದಾಗ ಅವನು ಕೊಟ್ಟ ಉತ್ತರ ಯಾವ ಒಳ್ಳೆಯ ತಂದೆಯೂ ಕೊಡುವಂಥದು: ಮಗಳು ಇನ್ನೂ ಚಿಕ್ಕವಳು, ಇನ್ನೆರಡು ಬೇಸಿಗೆ ಕಳೆಯಲಿ, ಮೊದಲು ಅವಳ ಮನಸ್ಸು ಗೆಲ್ಲು, ಅವಳು ಒಪ್ಪಿದರೆ ಮಾತ್ರ ನನ್ನ ಒಪ್ಪಿಗೆ. ಸೋಮವಾರ ರಾತ್ರಿ, ಮನೆಯಲ್ಲಿ ಸಾವಾದ ಗಾಬರಿಯಲ್ಲಿ, ಅದೇ ಮನುಷ್ಯ ಮಗಳನ್ನು ಒಂದು ಮಾತೂ ಕೇಳದೆ ಗುರುವಾರಕ್ಕೆ ಮದುವೆ ಗೊತ್ತು ಮಾಡುತ್ತಾನೆ. ಮಂಗಳವಾರ ನಸುಕಿನಲ್ಲಿ ರೋಮಿಯೊ ಕಿಟಕಿಯಿಂದಿಳಿದು ಮಾಂಟುವಾ ಊರಿಗೆ ಹೊರಟ ಬೆನ್ನಿಗೇ ತಾಯಿ ಬಂದು ಮಗಳಿಗೆ ಆ ಸುದ್ದಿ ಹೇಳುತ್ತಾಳೆ. ಆಗೋದಿಲ್ಲ ಎಂದ ಮಗಳನ್ನು ತಂದೆ ಬಾಯಿಗೆ ಬಂದಂತೆ ಬೈಯುತ್ತಾನೆ. ಹೊಡೆಯಲು ಕೈ ತುರಿಸುತ್ತಿದೆ ಎನ್ನುತ್ತಾನೆ. ಒಪ್ಪದಿದ್ದರೆ ಬೀದಿಯಲ್ಲಿ ಬೇಡಿ ತಿನ್ನು, ಉಪವಾಸ ಸಾಯಿ ಎನ್ನುತ್ತಾನೆ. ತಂದೆ ಆಚೆ ಹೋದ ಮೇಲೆ ಹುಡುಗಿ ತಾಯಿಯ ಕಡೆ ತಿರುಗುತ್ತಾಳೆ. ಒಂದು ತಿಂಗಳು ಮುಂದೂಡು, ಹೋಗಲಿ ಒಂದು ವಾರ ಮುಂದೂಡು ಎಂದು ಅಂಗಲಾಚುತ್ತಾಳೆ. ನನ್ನ ಹತ್ತಿರ ಮಾತಾಡಬೇಡ, ನನಗೂ ನಿನಗೂ ಮುಗಿಯಿತು ಎಂದು ತಾಯಿಯೂ ಹೊರಟುಹೋಗುತ್ತಾಳೆ. ಉಳಿದವಳು ಹಾಲು ಕುಡಿಸಿ ಬೆಳೆಸಿದ ದಾದಿ. ಗುಟ್ಟಿನ ಮದುವೆಗೆ ಓಡಾಡಿದವಳೇ ಅವಳು. ಈಗ ಅವಳೂ ಪ್ಯಾರಿಸ್‌ನನ್ನೇ ಮದುವೆಯಾಗಿಬಿಡು ಎನ್ನುತ್ತಾಳೆ.

ಎರಡು ವರ್ಷ ಕಾಯಬಲ್ಲೆ ಎಂದಿದ್ದ ಮನೆ ಒಂದು ವಾರ ಕೊಡಲಿಲ್ಲ. ಆ ದೃಶ್ಯ ಮುಗಿಯುವಾಗ ಹದಿಮೂರು ವರ್ಷದ ಮಗುವಿಗೆ ಸತ್ಯ ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರೂ ಉಳಿದಿಲ್ಲ. ನನ್ನ ಮಟ್ಟಿಗೆ ನಾಟಕದ ದುರಂತ ನಡೆದದ್ದು ಇಲ್ಲೇ. ಗೋರಿಯೊಳಗೆ ನಡೆದದ್ದು ಇದರ ಬಾಲ.

ಆಮೇಲಿನದು ನಿಮಗೆ ಗೊತ್ತು. ಆ ಮದುವೆ ತಪ್ಪಿಸಲು ಪಾದ್ರಿ ಕೊಟ್ಟ ಔಷಧ ಕುಡಿದು ಅವಳು ನಲವತ್ತೆರಡು ಗಂಟೆ ಸತ್ತಂತೆ ಮಲಗಬೇಕು, ರೋಮಿಯೊಗೆ ಪತ್ರ ಹೋಗಬೇಕು. ಅಷ್ಟರಲ್ಲಿ ತಂದೆ ಮದುವೆಯನ್ನು ಇನ್ನೂ ಒಂದು ದಿನ ಹಿಂದಕ್ಕೆ, ಬುಧವಾರಕ್ಕೆ ತರುತ್ತಾನೆ. ಪತ್ರ ಒಯ್ಯುತ್ತಿದ್ದ ಸನ್ಯಾಸಿ ಒಂದು ಮನೆಗೆ ಹೋದಾಗ, ಅಲ್ಲಿ ಪ್ಲೇಗ್ ಇರಬಹುದೆಂದು ಊರಿನ ಅಧಿಕಾರಿಗಳು ಅವನನ್ನು ಒಳಗೇ ಬಿಟ್ಟು ಬಾಗಿಲಿಗೆ ಮುದ್ರೆ ಹಾಕಿಬಿಡುತ್ತಾರೆ. ಪ್ಲೇಗಿನಿಂದಾಗಿ 1592ರಿಂದ 1594ರವರೆಗೆ ಹೆಚ್ಚುಕಾಲ ನಾಟಕಶಾಲೆಗಳೇ ಮುಚ್ಚಿದ್ದ ಲಂಡನ್ನಿನ ಜನಕ್ಕೆ ಇದನ್ನು ವಿವರಿಸಬೇಕಿರಲಿಲ್ಲ. ಕೊರೋನಾ ಕಂಡ ನಿಮಗೂ ಬೇಕಿಲ್ಲ. ಪತ್ರ ತಲುಪಲಿಲ್ಲ, ಸಾವಿನ ಸುಳ್ಳು ಸುದ್ದಿ ತಲುಪಿತು. ಆ ಸುದ್ದಿ ಕೇಳಿದ ರೋಮಿಯೊ, ಪಾದ್ರಿಯಿಂದ ಕಾಗದ ಬಂದಿಲ್ಲವೇ ಎಂದು ಆಳನ್ನು ಕೇಳುತ್ತಾನೆ. ಇಲ್ಲ ಎಂದಾಗ, ಇರಲಿ ಬಿಡು ಎನ್ನುತ್ತಾನೆ. ಸ್ವಲ್ಪ ತಾಳಿ, ಮುಖದ ಬಣ್ಣ ಇಷ್ಟು ಕೆಟ್ಟಿರುವಾಗ ಹೊರಡಬೇಡಿ ಎಂದು ಆ ಆಳು ಬೇಡಿಕೊಳ್ಳುತ್ತಾನೆ. ಆ ಬಡ ಆಳಿನ ಮಾತೇ ಇಡೀ ನಾಟಕದಲ್ಲಿ ರೋಮಿಯೊಗೆ ಯಾರಾದರೂ ಹೇಳಿದ ಅತ್ಯಂತ ಬೆಲೆಯುಳ್ಳ ಮಾತು. ಅವನು ಕೇಳಲಿಲ್ಲ. ಗೋರಿಯಲ್ಲಿ ಅವನು ಪ್ರಾಣ ಬಿಡುವುದು ಸ್ವಲ್ಪ ಹೊತ್ತು ತಡವಾಗಿದ್ದರೂ ಜೂಲಿಯೆಟ್ ಕಣ್ಣು ತೆರೆಯುತ್ತಿದ್ದಳು.

ಈ ಕೊನೆಯನ್ನು ನೋಡಲು ಜನಕ್ಕೇ ಆಗುತ್ತಿರಲಿಲ್ಲ. 1748ರಲ್ಲಿ ಡೇವಿಡ್ ಗ್ಯಾರಿಕ್ ಎಂಬ ಪ್ರಸಿದ್ಧ ನಟ, ರೋಮಿಯೊ ಉಸಿರು ಬಿಡುವ ಮೊದಲೇ ಜೂಲಿಯೆಟ್ ಎದ್ದು ಇಬ್ಬರೂ ನಾಲ್ಕು ಮಾತಾಡುವಂತೆ ತಿದ್ದಿದ. ಲಂಡನ್ನಿನ ರಂಗದ ಮೇಲೆ ಬಹುಕಾಲ ನಡೆದದ್ದು ಆ ಪಾಠವೇ. ನಮ್ಮಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ಆನಂದರಾವ್ ಅವರು ಈ ನಾಟಕವನ್ನು ‘ರಾಮವರ್ಮ ಲೀಲಾವತಿ’ ಎಂದು ಕನ್ನಡಕ್ಕೆ ತಂದರು. ಅದರಲ್ಲಿ ಸಾಕ್ಷಾತ್ ಮಹಾವಿಷ್ಣುವೇ ಬಂದು ಇಬ್ಬರನ್ನೂ ಬದುಕಿಸುತ್ತಾನೆ. ಅದನ್ನು ಓದಿ ನಕ್ಕವರಿದ್ದಾರೆ, ನನಗೆ ಮಾತ್ರ ನಗು ಬರುವುದಿಲ್ಲ. ಆ ಮಕ್ಕಳು ಸಾಯಬಾರದು ಎಂದು ನೋಡುವವರ ಕರುಳು ಅಲ್ಲೂ ಇಲ್ಲೂ ಒಂದೇ ರೀತಿ ಕೂಗಿತ್ತು. ಮಕ್ಕಳೇ, ನಿಮ್ಮ ಬದುಕಿನಲ್ಲಿ ವಿಷ್ಣು ಬರಲಿಕ್ಕಿಲ್ಲ. ಒಬ್ಬ ಅತ್ತೆ, ಒಬ್ಬ ಚಿಕ್ಕಪ್ಪ, ಒಬ್ಬ ಮೇಷ್ಟ್ರು, ಮದುವೆಯಾದ ಅಕ್ಕ, ಇವರಲ್ಲಿ ಯಾರಾದರೂ ಬರಬಹುದು. ಅವರಿಗೆ ಗೊತ್ತಾಗಬೇಕಾದರೆ ನೀವು ಹೇಳಬೇಕು. ಒಬ್ಬರು ಕೈಬಿಟ್ಟರೆ ಎರಡನೆಯವರ ಹತ್ತಿರ ಹೋಗಿ, ಅವರೂ ಬಿಟ್ಟರೆ ಮೂರನೆಯವರ ಹತ್ತಿರ.

ವೆರೋನಾದಲ್ಲಿ ಜೂಲಿಯೆಟ್‌ಳದೆಂದು ತೋರಿಸುವ ಮನೆಯೊಂದಿದೆ. ಅಲ್ಲಿಗೆ ಲೋಕದ ಮೂಲೆಮೂಲೆಯಿಂದ ಅವಳ ಹೆಸರಿಗೆ ಕಾಗದ ಬರುತ್ತವೆ. ‘ಜೂಲಿಯೆಟ್ ಕ್ಲಬ್’ ಎಂಬ ಸಂಘದ ಸ್ವಯಂಸೇವಕರು ಕೂತು ಉತ್ತರ ಬರೆಯುತ್ತಾರೆ. ಎಂದೂ ಹುಟ್ಟಿರದ, ಯಾರಲ್ಲೂ ಹೇಳಿಕೊಳ್ಳಲಾಗದೆ ಸತ್ತ ಒಬ್ಬ ಹುಡುಗಿಗೆ ಇಷ್ಟೊಂದು ಜನ ತಮ್ಮ ಸಂಕಟ ಬರೆಯುತ್ತಾರೆಂದರೆ, ಅವರವರ ಮನೆಯಲ್ಲಿ ಕೇಳುವ ಕಿವಿ ಎಷ್ಟು ಕಡಿಮೆಯಿರಬೇಕು ಯೋಚಿಸಿ.

ನಿಮಗೆ ಜೂಲಿಯೆಟ್‌ಗೆ ಇಲ್ಲದ ಕೆಲವು ಆಸರೆ ಇವೆ. ನಮ್ಮ ದೇಶದಲ್ಲಿ ಹುಡುಗಿಗೆ 18, ಹುಡುಗನಿಗೆ 21 ತುಂಬುವ ಮೊದಲು ಮದುವೆ ಮಾಡಿಸುವುದು ಅಪರಾಧ, ಅದನ್ನು ಮಾಡಿಸುವವರು ಅಪ್ಪ ಅಮ್ಮನಾದರೂ ಸರಿ. ವಯಸ್ಸಿಗೆ ಬಂದ ಇಬ್ಬರು ಮನಸಾರೆ ಮದುವೆಯಾಗಲು ಮನೆಯವರ, ಜಾತಿಯವರ ಒಪ್ಪಿಗೆ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಖಡಾಖಂಡಿತವಾಗಿ ಹೇಳಿದೆ, ಜೀವಭಯ ಇರುವ ಜೋಡಿಗಳಿಗೆ ರಕ್ಷಣೆ ಕೊಡಬೇಕೆಂದು ಸರ್ಕಾರಗಳಿಗೆ ತಾಕೀತು ಮಾಡಿದೆ. ಅಪಾಯ ಹತ್ತಿರ ಬಂದರೆ 112. ಹದಿನೆಂಟು ತುಂಬದ ಮಕ್ಕಳಿಗೆ 1098. ಸತ್ತುಹೋಗೋಣ ಎಂಬ ಯೋಚನೆ ಒಮ್ಮೆ ಸುಳಿದರೂ ಸಾಕು, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಆ ಸೇವೆಗೆ ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಸಂಖ್ಯೆಗಳನ್ನು ಈಗಲೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾಗದಿದ್ದರೂ ಗೆಳತಿಗೆ ಬೇಕಾದೀತು.

ನಾಟಕದ ಕೊನೆಯಲ್ಲಿ ಆರು ಜನ ಸತ್ತಿರುತ್ತಾರೆ. ಮಗನ ಗಡೀಪಾರಿನ ಕೊರಗಿನಲ್ಲಿ ರೋಮಿಯೊನ ತಾಯಿಯೂ ಪ್ರಾಣ ಬಿಟ್ಟಿರುತ್ತಾಳೆ. ಆಗ ಎರಡು ಮನೆಯ ಅಪ್ಪಂದಿರು ಕೈಕೈ ಹಿಡಿದು, ಒಬ್ಬರು ಇನ್ನೊಬ್ಬರ ಮಗುವಿಗೆ ಚಿನ್ನದ ಪ್ರತಿಮೆ ಮಾಡಿಸುತ್ತೇವೆ ಎನ್ನುತ್ತಾರೆ. ಆ ಹುಡುಗಿ ಕೇಳಿದ್ದು ಚಿನ್ನವನ್ನಲ್ಲ, ಒಂದು ವಾರವನ್ನು. ಇದನ್ನು ಓದುವ ತಂದೆತಾಯಂದಿರಿಗೂ ನನ್ನದೊಂದು ಮಾತಿದೆ: ಸಿಟ್ಟು ಬಂದ ದಿನ ಯಾವ ತೀರ್ಮಾನವನ್ನೂ ಮಾಡಬೇಡಿ, ಮಗು ಕೇಳಿದ ಸಮಯ ಕೊಡಿ.

ಮಕ್ಕಳೇ, ನಿಮ್ಮಲ್ಲಿ ನಾನು ಕೇಳಿಕೊಳ್ಳುವುದು ಒಂದು ಕೆಲಸ. ಆ ನಾಟಕದ ಕನ್ನಡ ಅನುವಾದ ಯಾವುದಾದರೂ ಗ್ರಂಥಾಲಯದಲ್ಲಿ ಸಿಕ್ಕರೆ ತನ್ನಿ. ಮೂರನೆಯ ಅಂಕದ ಐದನೆಯ ದೃಶ್ಯ ತೆಗೆಯಿರಿ. ಅಪ್ಪನಿಗೆ ಕ್ಯಾಪ್ಯುಲೆಟ್‌ನ ಮಾತು ಕೊಡಿ, ಅಮ್ಮನಿಗೆ ತಾಯಿಯ ಮಾತು, ಜೂಲಿಯೆಟ್‌ಳ ಮಾತು ನೀವು ಓದಿ. ಮನೆಯಲ್ಲಿ ಯಾವ ಜಗಳವೂ ಇಲ್ಲದ ಒಂದು ಭಾನುವಾರ ಸಂಜೆ ಇದನ್ನು ಮಾಡಿ.